ಉಲ್ಟಾ ತಿರುಪಿನ ಬಳೆ

ಅಕ್ಟೋಬರ್ ೧೨, ೧೯೫೮. ಭಾನುವಾರ, ಮಹಾಲಯ ಅಮಾವಾಸ್ಯೆ

ಟಯರ್ ಏಜೆಂಟ್ ವರ್ಷದ ಮೊದಲಿಗೆ ಕೊಟ್ಟಿದ್ದ ಡೈರಿ ಇಷ್ಟು ದಿನ ಗಲ್ಲಾಪೆಟ್ಟಿಗೆಯ ಅಡಿಯಲ್ಲಿ ಧೂಳು ತಿನ್ನುತ್ತಿತ್ತು. ಇವತ್ತು ಒರೆಸಿ ತೆಗೆದೆ. ಶಿಕಾರಿಪುರದ ಬಸ್ ಸ್ಟ್ಯಾಂಡ್ ಹಿಂದೆ ಬಾಡಿಗೆ ಸೈಕಲ್ಲಿಗೆ ಪಂಕ್ಚರ್ ಹಾಕುತ್ತ ನಲವತ್ತು ದಾಟಿದವನ ಬಾಳಿನಲ್ಲಿ ಬರೆದಿಡುವಂಥದ್ದು ಏನಿರುತ್ತದೆ? ಈಗ ಒಂದು ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಅಂಗಡಿಯಲ್ಲೇ ಕಟ್ಟುತ್ತಿದ್ದ ಪಂದ್ಯದ ಸೈಕಲ್ ಎದ್ದು ನಿಂತಿತು. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಗಂಟೆ ಇಲ್ಲ, ಬ್ರೇಕಂತೂ ಇಲ್ಲವೇ ಇಲ್ಲ. ಹ್ಯಾಂಡಲ್ಲನ್ನು ತಲೆಕೆಳಗು ಮಾಡಿ ಕೂರಿಸಿದೆ. ಪುಕ್ಕ ಕಿತ್ತ ಕೋಳಿಯ ಹಾಗಿದೆ ಎಂದು ಹೋಟೆಲಿನವರು ನಗುತ್ತಾರೆ. ನಗಲಿ. ಊರಿನ ಬೇರೆ ಸೈಕಲ್ಲುಗಳಲ್ಲಿ ಕಾಲು ನಿಲ್ಲಿಸಿದರೂ ಚಕ್ರ ತಾನೇ ಉರುಳುತ್ತದೆ. ಇದರಲ್ಲಿ ಹಿಂದಿನ ಹಲ್ಲುಚಕ್ರ ಗಾಲಿಯ ನಡುವಿನ ಗುಂಬಕ್ಕೆ, ಅಂದರೆ ಹಬ್ಬಿಗೇ, ಗಟ್ಟಿಯಾಗಿ ಕೂತಿರುತ್ತದೆ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗಲೇಬೇಕು. ನಿಧಾನ ಮಾಡಬೇಕೆಂದರೆ ಪೆಡಲನ್ನು ಹಿಂದಕ್ಕೆ ಒತ್ತಿ ತಡೆಯಬೇಕು. ಕಾಲೇ ಬ್ರೇಕು. ಇಂಥದ್ದನ್ನು ಈ ತಾಲೂಕಿನಲ್ಲಿ ಯಾರೂ ಕಟ್ಟಿಲ್ಲ.

ಒಂದೇ ಒಂದು ಸಾಮಾನು ಬಾಕಿ. ಹಲ್ಲುಚಕ್ರ ಮುಂದಕ್ಕೆ ತುಳಿದಷ್ಟೂ ಬಿಗಿಯಾಗುತ್ತದೆ, ಹಿಂದಕ್ಕೆ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಹಾಗೆ ಬಿಚ್ಚಬಾರದೆಂದು ಅದರ ಹೊರಗೆ ಉಲ್ಟಾ ತಿರುಪಿನ ಒಂದು ಉಕ್ಕಿನ ಬಳೆ ಬರಬೇಕು. ನಾವು ತಂದ ಹಬ್ಬಿನಲ್ಲಿ ಅದು ಕಳೆದುಹೋಗಿತ್ತು. ಶಿವಮೊಗ್ಗದಲ್ಲಿ ಕಬ್ಬಿಣ ಕಡೆಯುವ ಲೇತಿನವನಿಗೆ ಮಾಡಲು ಕೊಟ್ಟಿದ್ದೇನೆ.

ನವೆಂಬರ್ ಒಂದಕ್ಕೆ ಹೊಸ ಮೈಸೂರು ರಾಜ್ಯವಾಗಿ ಎರಡು ವರ್ಷ. ಸೊರಬದ ಯುವಕ ಸಂಘದವರು ಸೈಕಲ್ ಪಂದ್ಯ ಇಟ್ಟಿದ್ದಾರೆ. ಅಲ್ಲಿ ಇದು ಓಡಬೇಕು, ಕಟ್ಟಿದವರು ಯಾರು ಎಂದು ನಾಲ್ಕು ಜನ ಕೇಳಬೇಕು. ಮುಂದಿನ ಕೊಳವೆಗೆ ಹಿತ್ತಾಳೆಯ ಬಿಲ್ಲೆ ಕತ್ತರಿಸಿ ‘ಪರಮಶಿವಪ್ಪ, ಸೈಕಲ್ ಅಂಗಡಿ, ಶಿಕಾರಿಪುರ’ ಎಂದು ಕೊರೆಸಿ ಎರಡು ಸಣ್ಣ ಸ್ಕ್ರೂ ಹಾಕಿ ಕೂರಿಸಿದ್ದೇನೆ.

ಕೆಲಸದಲ್ಲಿ ಬಸಣ್ಯನ ಕೈಯೂ ಇದೆ. ಬಸವಣ್ಯಪ್ಪ ನನ್ನ ಹೆಂಡತಿ ಅಕ್ಕನಾಗಮ್ಮನ ತಮ್ಮ, ನನ್ನ ಭಾವಮೈದ. ಮಾವ ತೀರಿಕೊಂಡ ಮೇಲೆ ಸೊರಬದಿಂದ ಕರೆತಂದು ಅಂಗಡಿಯಲ್ಲಿ ಕೂರಿಸಿಕೊಂಡೆ. ಮಕ್ಕಳಿಲ್ಲದ ಮನೆಯಲ್ಲಿ ಅವನೇ ಮಗನಾದ. ಹಬ್ಬನ್ನು ಹುಬ್ಬಳ್ಳಿಯ ಗುಜರಿಯಲ್ಲಿ ಹುಡುಕಿ ತಂದವನು ಅವನು. ಚಕ್ರಕ್ಕೆ ಕಡ್ಡಿ ಕಟ್ಟಿ, ದಿನಗಟ್ಟಲೆ ಕೂತು ರಿಮ್ಮಿನ ಬೆಂಡು ತೆಗೆದವನೂ ಅವನೇ. ಅದು ಕೈಕೆಲಸ. ಯೋಚನೆ ನನ್ನದು.

ಸಂಜೆ ಅಕ್ಕಿ ಗಿರಣಿಯ ಹುಚ್ಚರಾಯಪ್ಪನವರು ಬಂದಿದ್ದರು. ಅವರ ಮಗ ರಾಜಪ್ಪನಿಗೆ ಪಂದ್ಯದ ಹುಚ್ಚು ಹಿಡಿದಿದೆ. ಈ ಸೈಕಲ್ ಅವನು ಓಡಿಸುವುದಾದರೆ ಗಿರಣಿಯ ಮುಂದಿನ ಕೋಣೆಯನ್ನು ನನ್ನ ಅಂಗಡಿಗೆ ಬಿಡುತ್ತೇನೆ ಎಂದರು. ದೊಡ್ಡ ರಸ್ತೆಗೇ ಬಾಗಿಲಿರುವ ಕೋಣೆ. ಆಗಲಿ ಎಂದೆ. ಬಸಣ್ಯನೇ ಓಡಿಸಲಿ ಎಂದು ನಾನು ಮೊದಲು ಹೇಳಿದ್ದು ಹೌದು. ಅವನು ಅದನ್ನೇ ನಂಬಿಕೊಂಡು ದಿನಾ ಬೆಳಿಗ್ಗೆ ಬಾಡಿಗೆ ಸೈಕಲ್ಲಿನಲ್ಲಿ ಅಂಜನಾಪುರದ ತನಕ ತುಳಿದು ಬರುತ್ತಿದ್ದಾನೆ. ಪಂದ್ಯ ಹತ್ತಿರ ಬಂದಾಗ ಹೇಳಿದರಾಯಿತು. ಮನೆಯವನೇ ತಾನೇ, ಬೇಸರ ಮಾಡಿಕೊಳ್ಳುವುದಿಲ್ಲ.

ಅಕ್ಟೋಬರ್ ೨೧, ಮಂಗಳವಾರ, ಆಯುಧಪೂಜೆ

ಆದದ್ದನ್ನು ಮೊದಲಿನಿಂದ ಬರೆಯುತ್ತೇನೆ, ಇಲ್ಲದಿದ್ದರೆ ನನಗೇ ನಂಬಿಕೆಯಾಗುವುದಿಲ್ಲ.

ಬೆಳಿಗ್ಗೆ ಸ್ಪ್ಯಾನರು, ಇಕ್ಕಳ, ಸುತ್ತಿಗೆ, ಪಂಪು ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಮಣೆಯ ಮೇಲೆ ಜೋಡಿಸಿ ವಿಭೂತಿ ಹಚ್ಚಿ ಕುಂಕುಮ ಇಟ್ಟೆ. ನಮ್ಮಪ್ಪನ ಕಾಲದ ಕಟ್ಟು ಇದು: ಒಮ್ಮೆ ಕುಂಕುಮ ಬಿದ್ದ ಆಯುಧವನ್ನು ವಿಜಯದಶಮಿ ಕಳೆಯುವ ತನಕ ಯಾರೂ ಎತ್ತಬಾರದು. ಮಧ್ಯಾಹ್ನದ ಶಿವಮೊಗ್ಗ ಬಸ್ಸಿನಲ್ಲಿ ಬಳೆ ಬಂತು. ಬಸಣ್ಯನೇ ಪೊಟ್ಟಣ ಇಳಿಸಿಕೊಂಡು ಬಂದು ನನ್ನ ಕೈಗೆ ಕೊಟ್ಟು ಚೆಂಡು ಹೂವಿಗೆ ಓಡಿದ. ಹಾಕೋಣವೆಂದರೆ ಸ್ಪ್ಯಾನರ್ ಪೂಜೆಗೆ ಕೂತಾಗಿತ್ತು. ಬಳೆಯನ್ನೂ ಅದರ ಪಕ್ಕದಲ್ಲೇ ಇಟ್ಟೆ. ಒಂದೆರಡು ದಿನದಲ್ಲಿ ಏನು ಮುಳುಗಿಹೋಗುತ್ತದೆ ಎಂದುಕೊಂಡೆ.

ಪೂಜೆ ಚೆನ್ನಾಗಿಯೇ ಆಯಿತು. ಅವನು ಸೈಕಲ್ಲಿಗೆ ಹಬ್ಬಿನ ತನಕ ಹೂ ಸುತ್ತಿದ. ಚಕ್ರದಡಿ ನಿಂಬೆಹಣ್ಣು ಇಟ್ಟು, ಮೆಟ್ಟಿಸಿಕೊಂಡು ಹುಚ್ಚರಾಯಸ್ವಾಮಿ ಗುಡಿಯ ತನಕ ಒಂದು ಸುತ್ತು ಹೋಗಿ ಬಾ, ನಿಧಾನ, ಎಂದೆ. ಸೀಟಿನ ಹಿಂದೆ ಕೈಯಿಟ್ಟು ನಾನೇ ತಳ್ಳಿದೆ. ಮೂಲೆ ತಿರುಗುವಾಗ ಅವನು ಹಿಂದಿರುಗಿ ನೋಡಿದ. ನನ್ನನ್ನಲ್ಲ, ಬಾಗಿಲಲ್ಲಿ ನಿಂತಿದ್ದ ಅವರಕ್ಕನನ್ನು.

ಮಂಡಕ್ಕಿ ಹಂಚಿ ಮುಗಿಯಿತು. ದೀಪ ಹಚ್ಚುವ ಹೊತ್ತಾಯಿತು. ಬರಲಿಲ್ಲ. ಬಿದ್ದನೇನೋ ಎಂದು ಗುಡಿಯ ತನಕ ಓಡಿದೆ. ಗುಡಿಗೆ ಅವನು ಬಂದೇ ಇರಲಿಲ್ಲ.

ಅಕ್ಟೋಬರ್ ೨೨, ಬುಧವಾರ, ವಿಜಯದಶಮಿ

ಸೊರಬದ ಬಸ್ಸಿನ ಕಂಡಕ್ಟರ್ ಹೇಳಿದ. ಶಿರಾಳಕೊಪ್ಪ ದಾಟಿ ಆಚೆ, ಹೂ ಸುತ್ತಿದ ಒಂದು ಬೋಳು ಸೈಕಲ್ಲು ಸೊರಬದ ಕಡೆ ಹೋಗುತ್ತಿತ್ತಂತೆ. ‘ನಿಮ್ಮ ಹುಡುಗ ಅಲ್ವೇನ್ರಿ? ಕೈ ಬೀಸಿದೆ, ನೋಡ್ಲಿಲ್ಲ’ ಎಂದ.

ಕದ್ದುಕೊಂಡು ಹೋದ. ನಾನೇ ತಳ್ಳಿ ಕಳಿಸಿದ ಸೈಕಲ್ಲನ್ನು ದೇವರ ಸುತ್ತಿನ ನೆಪದಲ್ಲಿ ಕದ್ದುಕೊಂಡು ತನ್ನ ಊರಿಗೆ ಹೋದ. ಉಂಡ ಮನೆಯ ಜಂತೆ ಎಣಿಸುವವನು ಎನ್ನುತ್ತಾರಲ್ಲ, ಅವನನ್ನು ಮನೆಯೊಳಗೇ ಇಟ್ಟುಕೊಂಡು ಅನ್ನ ಹಾಕಿದ್ದೇನೆ. ಬನ್ನಿ ಕೊಡಲು ಬಂದವರೆಲ್ಲ ಬಂಗಾರದಂಗೆ ಇರೋಣ ಎಂದರು. ಅವರ ಕೈಗೆ ಎಲೆ ಕೊಟ್ಟೆ, ಮುಖಕ್ಕೆ ಮುಖ ಕೊಡಲಿಲ್ಲ.

ಅವನ ಹೆಸರನ್ನು ಇನ್ನು ಈ ಡೈರಿಯಲ್ಲಿ ಬರೆಯುವುದಿಲ್ಲ.

ಅಕ್ಟೋಬರ್ ೨೩, ಗುರುವಾರ

ಬೆಳಿಗ್ಗೆ ಆಯುಧ ಎತ್ತಿದೆ. ಸ್ಪ್ಯಾನರಿನ ಪಕ್ಕ ಬಳೆ, ಕುಂಕುಮ ಮೆತ್ತಿಕೊಂಡು ಕೂತಿತ್ತು.

ಅದನ್ನು ಹಾಕದೆ ಇಟ್ಟೆ ಎಂದು ಮೊನ್ನೆ ನಾನೇ ಬರೆದಿದ್ದರೂ ಅದರ ಅರ್ಥ ಇಲ್ಲಿಯ ತನಕ ಹೊಳೆದಿರಲಿಲ್ಲ. ಬಳೆ ಬಂದದ್ದು ಅವನಿಗೆ ಗೊತ್ತು. ಹಾಕಿಲ್ಲ ಎನ್ನುವುದು ಗೊತ್ತಿಲ್ಲ. ಭಾವ ಬಂದ ಸಾಮಾನನ್ನು ಬಂದ ಕೂಡಲೇ ಹಾಕುವವನು ಎಂದು ಅವನಿಗೆ ಗೊತ್ತಿದೆಯಲ್ಲ, ಹೂ ತರಲು ಹೋದಾಗ ಯಾರದಾದರೂ ಸ್ಪ್ಯಾನರ್ ಕೇಳಿ ತಂದು ಹಾಕಿದ್ದೇನೆ ಎಂದುಕೊಂಡಿರಬೇಕು. ಹಬ್ಬಿಗೆ ಹೂ ಸುತ್ತಿದ್ದರಿಂದ ಕಾಣುವಂತೆಯೂ ಇರಲಿಲ್ಲ. ಸಮತಟ್ಟು ರಸ್ತೆಯಲ್ಲಿ ಏನೂ ಆಗುವುದಿಲ್ಲ. ಪಂದ್ಯದ ದಾರಿಯಲ್ಲಿ ಸೊರಬದ ಹತ್ತಿರ ಒಂದು ಇಳಿಜಾರಿದೆ, ಅದರ ಬುಡದಲ್ಲೇ ಕೆರೆ ಏರಿಯ ತಿರುವು. ಅಲ್ಲಿ ಪೆಡಲ್ ಹಿಂದಕ್ಕೆ ಒತ್ತಿದರೆ ಹಲ್ಲುಚಕ್ರ ಬಿಚ್ಚಿಕೊಳ್ಳುತ್ತದೆ. ಬ್ರೇಕ್ ಇಲ್ಲ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಕಲ್ಲು.

ಬೀಳಲಿ. ಕದ್ದ ಸೈಕಲ್ಲಿನಿಂದ ಬಿದ್ದರೆ ನಾನೇನು ಮಾಡಲಿ? ಬಳೆಯನ್ನು ಗಲ್ಲಾಪೆಟ್ಟಿಗೆಗೆ ಹಾಕಿದೆ.

ಅಕ್ಟೋಬರ್ ೨೪, ಶುಕ್ರವಾರ

ಹುಚ್ಚರಾಯಪ್ಪನವರ ಗಿರಣಿಗೆ ಹೋಗಿ ಆದದ್ದನ್ನು ಹೇಳಿದೆ. ನನ್ನ ಸಂಕಟ ನೋಡಿ ಎರಡು ಸಮಾಧಾನದ ಮಾತು ಆಡುತ್ತಾರೆಂದು ತಿಳಿದಿದ್ದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ, ‘ಮಾತು ಆಡಿದರೆ ಹೋತು, ಮುತ್ತು ಒಡೆದರೆ ಹೋತು, ಪರಮಶಿವಪ್ಪ’ ಎಂದರು. ರಾಜಪ್ಪನಿಗೆ ಶಿವಮೊಗ್ಗದಿಂದ ಹೊಸ ಸೈಕಲ್ಲೇ ತರಿಸುತ್ತಾರಂತೆ. ಕೋಣೆಯ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬರುವಾಗ ನೋಡಿದೆ, ಆ ಕೋಣೆಯಲ್ಲಿ ಆಗಲೇ ಅಕ್ಕಿ ಮೂಟೆ ಪೇರಿಸುತ್ತಿದ್ದರು.

ಕೊಟ್ಟ ಮಾತಿಗೆ ತಪ್ಪುವುದು ಎಷ್ಟು ಸುಲಭ ಈ ಜನಕ್ಕೆ.

ಅಕ್ಟೋಬರ್ ೨೫, ಶನಿವಾರ

ಇವತ್ತಿನದನ್ನು ಬರೆಯಬಾರದು ಎಂದಿದ್ದೆ.

ಊಟಕ್ಕೆ ಕೂತಾಗ ಅವನನ್ನು ಬೈಯುತ್ತಿದ್ದೆ. ಹಬ್ಬದ ದಿನ ಹೋಳಿಗೆಯನ್ನೂ ತಿನ್ನದೆ ಹೋದ ದರಿದ್ರ ಎಂದೆ. ಅಕ್ಕನಾಗಮ್ಮ ರೊಟ್ಟಿ ತಟ್ಟುತ್ತಿದ್ದವಳು, ತಿರುಗಿ ನೋಡದೆ, ‘ಕಟ್ಟಿ ಕೊಟ್ಟಿದ್ದೆ’ ಎಂದಳು.

ಅವಳಿಗೆ ಗೊತ್ತಿತ್ತು. ಸೈಕಲ್ ತೆಗೆದುಕೊಂಡು ಸೊರಬಕ್ಕೆ ಹೋಗುತ್ತೇನೆಂದು ಹಬ್ಬದ ಹಿಂದಿನ ದಿನವೇ ಅವನು ಅಕ್ಕನ ಹತ್ತಿರ ಹೇಳಿದ್ದನಂತೆ. ಇವಳು ಹೋಳಿಗೆಯನ್ನು ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಅವನ ಅಂಗಿಯೊಳಗೆ ಇಟ್ಟು ಕಳಿಸಿದ್ದಾಳೆ. ನಾನು ಸೀಟು ತಳ್ಳುವಾಗ ಇವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಗುಡಿಗೆ ಓಡಿದಾಗಲೂ ಸುಮ್ಮನೆ ನಿಂತಿದ್ದಳು.

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ‘ಹೇಳಿದ್ರೆ ನೀವು ಬಿಡ್ತಿರ್ಲಿಲ್ಲ’ ಎಂದಳು.

ಹೊರಗಿನವನು ಕದ್ದರೆ ಕದ ಹಾಕಿಕೊಳ್ಳಬಹುದು. ಮನೆಯವಳೇ ಕದ ತೆಗೆದುಕೊಟ್ಟರೆ ಯಾರಿಗೆ ಹೇಳಿಕೊಳ್ಳುವುದು? ತಟ್ಟೆ ಬಿಟ್ಟು ಎದ್ದೆ. ಇಷ್ಟು ವರ್ಷ ಯಾರ ಜೊತೆ ಸಂಸಾರ ಮಾಡಿದೆ ಎಂದು ತಿಳಿಯದಾಯಿತು.

ಅಕ್ಟೋಬರ್ ೨೬

ಅಂಗಡಿಯಲ್ಲೇ ಮಲಗಿದೆ. ಸೊಳ್ಳೆ.

ಅಕ್ಟೋಬರ್ ೨೮, ಮಂಗಳವಾರ

ಕಂಡಕ್ಟರ್ ಮತ್ತೆ ಸಿಕ್ಕಿದ. ನಾನಾಗಿ ಕೇಳಲಿಲ್ಲ, ಅವನೇ ಹೇಳಿದ. ಸೊರಬಕ್ಕೆ ಓಡಿದವನು ಪಂದ್ಯಕ್ಕೆ ಹೆಸರು ಕೊಟ್ಟಾಯಿತಂತೆ. ಊರೆಲ್ಲ ಅವನ ಬೋಳು ಸೈಕಲ್ಲಿನದೇ ಸುದ್ದಿಯಂತೆ.

ಹಾಗಾದರೆ ಸುರಕ್ಷಿತವಾಗಿ ಮುಟ್ಟಿದ್ದಾನೆ. ಹಲ್ಲುಚಕ್ರ ದಾರಿಯಲ್ಲಿ ಬಿಚ್ಚಿಕೊಂಡಿಲ್ಲ. ಬಿಚ್ಚಿಕೊಳ್ಳದಿದ್ದರೆ ಅವನಿಗೆ ಗೊತ್ತೂ ಆಗಿರುವುದಿಲ್ಲ.

ಮಧ್ಯಾಹ್ನ ಗಿರಾಕಿ ಇರಲಿಲ್ಲ. ಒಂದು ಹಳೆಯ ಹಬ್ಬಿಗೆ ಹಲ್ಲುಚಕ್ರ ಕೂರಿಸಿ, ಹಗ್ಗ ಕಟ್ಟಿ, ಎಷ್ಟು ಸಲ ಹಿಂದಕ್ಕೆ ಎಳೆದರೆ ಸಡಿಲವಾಗುತ್ತದೆ ಎಂದು ನೋಡಿದೆ. ಮುಂದಕ್ಕೆ ಚೆನ್ನಾಗಿ ತುಳಿದು ಬಿಗಿ ಕೂತಿದ್ದರೆ ಮೊದಲು ಒಂದೆರಡು ಸಲ ತಡೆಯುತ್ತದೆ. ಆಮೇಲೆ ಒಂದು ಸಲ ಇದ್ದಕ್ಕಿದ್ದಂತೆ ಬಿಟ್ಟುಕೊಡುತ್ತದೆ. ಮುನ್ಸೂಚನೆ ಕೊಡುವುದೇ ಇಲ್ಲ. ಮತ್ತೆ ಮತ್ತೆ ಮಾಡಿ ನೋಡಿದೆ, ಹಾಗೇ ಆಯಿತು.

ಸುಮ್ಮನೆ, ಕೈ ಖಾಲಿಯಿತ್ತು ಎಂದು ಮಾಡಿದ್ದು. ಬಳೆಯ ಮೇಲೆ ಕುಂಕುಮ ಗಟ್ಟಿಯಾಗಿ ಮೆತ್ತಿತ್ತು, ಅದನ್ನು ಉಜ್ಜಿ ಎಣ್ಣೆ ಹಚ್ಚಿ ಜೇಬಿಗೆ ಹಾಕಿಕೊಂಡೆ. ಗಲ್ಲಾಪೆಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತದೆ.

ಅಕ್ಟೋಬರ್ ೨೯, ಬುಧವಾರ

ಇವತ್ತು ಅಕ್ಕನಾಗಮ್ಮ ಅಂಗಡಿಗೇ ಬುತ್ತಿ ತಂದಳು. ನಾನು ಪಂಕ್ಚರ್ ಹಾಕುತ್ತಲೇ ಇದ್ದೆ. ಅವಳು ಕೆಳಗೆ ಕೂತು, ತಮ್ಮ ಗೆದ್ದರೆ ನಿಮ್ಮ ಹೆಸರೇ ಅಲ್ಲವೇನ್ರೀ, ಬಿಲ್ಲೆಯಲ್ಲಿ ನಿಮ್ಮ ಹೆಸರೇ ಇದೆಯಲ್ಲ ಎಂದಳು. ಅದನ್ನು ಕೇಳಿ ನನ್ನೊಳಗೆ ಏನೋ ಹತ್ತಿಕೊಂಡಿತು. ಗೆಲ್ಲುವುದಲ್ಲ, ಇಳಿಜಾರು ಇಳಿದರೆ ಸಾಕು ಎಂದೆ. ಜೇಬಿನಿಂದ ಬಳೆ ತೆಗೆದು ಅವಳ ಮುಂದೆ ಇಟ್ಟೆ. ಇದು ಇಲ್ಲದೆ ಆ ಸೈಕಲ್ಲಿಗೆ ಬ್ರೇಕೇ ಇಲ್ಲ, ನಿನ್ನ ತಮ್ಮನಿಗೆ ಅದು ಗೊತ್ತಿಲ್ಲ, ಹೋಳಿಗೆಯ ಜೊತೆ ಇದನ್ನೂ ಗಂಟು ಕಟ್ಟಿ ಕೊಡಬೇಕಿತ್ತು ನೀನು, ಎಂದೆ.

ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಬಳೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು.

‘ನಿಮಗೆ ಯಾವತ್ತಿಂದ ಗೊತ್ತಿತ್ರೀ?’

‘ಆಯುಧ ಎತ್ತಿದ ದಿನದಿಂದ.’

ಬಳೆಯನ್ನು ನನ್ನ ಕಾಲ ಹತ್ತಿರ ಇಟ್ಟು ಎದ್ದು ಹೋದಳು. ಬುತ್ತಿ ಬಿಚ್ಚಿದರೆ ನನಗೆ ಇಷ್ಟವಾದ ಎಣ್ಣೆಗಾಯಿ ಪಲ್ಯ. ತಿನ್ನಲಾಗಲಿಲ್ಲ.

ಅಕ್ಟೋಬರ್ ೩೦, ಗುರುವಾರ

ಬೆಳಿಗ್ಗೆ ಮನೆಗೆ ಹೋದಾಗ ಅವಳು ಟ್ರಂಕು ತೆಗೆದು ಎರಡು ಸೀರೆ ಮಡಿಸುತ್ತಿದ್ದಳು. ಎಲ್ಲಿಗೆ ಎಂದೆ. ಸೊರಬಕ್ಕೆ ಎಂದಳು. ನಾಳೆಯ ಬಸ್ಸಿಗೆ ಒಬ್ಬಳೇ ಹೋಗುತ್ತಾಳಂತೆ. ಬಳೆ ಕೊಟ್ಟರೆ ಒಯ್ಯುತ್ತೇನೆ, ಕೊಡದಿದ್ದರೆ ಬಾಯಲ್ಲಿ ಹೇಳುತ್ತೇನೆ ಎಂದಳು. ಬಾಯಲ್ಲಿ ಹೇಳಿದರೆ ಅವನು ಓಡಿಸದೆ ಬಿಡುತ್ತಾನೆಯೇ? ಅಕ್ಕ ತಮ್ಮ ಇಬ್ಬರಿಗೂ ಹಟ ಒಂದೇ ಅಚ್ಚಿನದು.

ನಾನು ಬೈದೆ. ನನ್ನ ಬೆನ್ನಿಗೆ ಚೂರಿ ಹಾಕಿದವರಿಗೆ ನಾನೇ ಬಳೆ ತೊಡಿಸಬೇಕೇ ಎಂದು ಏನೇನೋ ಅಂದೆ. ಅವಳು ಸೀರೆ ಮಡಿಸುವುದನ್ನು ನಿಲ್ಲಿಸಿದಳು.

‘ಅಂವ ಹೋಗ್ತಾನೆ ಅಂತ ನಾನು ಹೇಳ್ಲಿಲ್ಲ, ನಿಮ್ಮ ಸೈಕಲ್ ಹೋತು. ಚಕ್ರ ಬಿಚ್ಕಣ್ತದೆ ಅಂತ ನೀವು ಹೇಳ್ಲಿಲ್ಲ, ನನ್ನ ತಮ್ಮನ ಜೀವ ಹೋಗ್ತದೆ. ಎರಡನ್ನೂ ತೂಕಕ್ಕೆ ಹಾಕ್ರೀ. ಹಾಕಿ ಆಮೇಲೆ ಬೈರೀ.’

ಮೋಸ ಹೋದವನು ನಾನು. ತಕ್ಕಡಿ ಹಿಡಿದು ನಿಲ್ಲಬೇಕಾದವನೂ ನಾನೇ ಆದೆ. ಇದು ಯಾವ ನ್ಯಾಯ?

ಸ್ಪ್ಯಾನರ್ ಚೀಲದಲ್ಲಿ ಹಾಕಿಟ್ಟಿದ್ದೇನೆ. ಬಳೆಯನ್ನು ಹೆಂಗಸರ ಕೈಲಿ ಕೊಟ್ಟರೆ ಅವನು ಅಡ್ಡಾದಿಡ್ಡಿ ಕೂರಿಸಿ ಹಬ್ಬಿನ ತಿರುಪು ಕೆಡಿಸುತ್ತಾನೆ. ಅಂಥ ಹಬ್ಬು ಇನ್ನೊಂದು ಸಿಕ್ಕುವುದಿಲ್ಲ. ಹಬ್ಬಿಗಾಗಿ ಹೋಗುತ್ತಿದ್ದೇನೆ.

ಅಕ್ಟೋಬರ್ ೩೧, ಶುಕ್ರವಾರ. ಸೊರಬ

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟು. ಬಳ್ಳಿಗಾವಿಯ ಕಡೆಗೆ ಹೋಗುವ ಮುದುಕಿಯೊಬ್ಬಳು ನಡುವೆ ಕೂತು ನಮ್ಮಿಬ್ಬರಿಗೂ ಕಡಲೆ ಕೊಟ್ಟಳು. ಸೊರಬ ಸಮೀಪಿಸಿದಾಗ ಆ ಇಳಿಜಾರು ಬಂತು. ಬಸ್ಸು ಗೇರು ಇಳಿಸಿ ನರಳುತ್ತ ಇಳಿಯಿತು. ಕೆರೆ ಏರಿ ತಿರುವಿನಲ್ಲಿ ಅಕ್ಕನಾಗಮ್ಮ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು. ನಾನೂ ಹಿಡಿದುಕೊಂಡೆ.

ಅತ್ತೆ ಬಂಗಾರಮ್ಮ ಕಾಲಿಗೆ ನೀರು ಕೊಟ್ಟು ಹಿತ್ತಲ ಕಡೆ ಕೈ ತೋರಿಸಿ ಒಳಗೆ ಹೋದರು. ಅವನು ಅಲ್ಲಿ ಸೈಕಲ್ಲನ್ನು ಬುಡಮೇಲು ನಿಲ್ಲಿಸಿಕೊಂಡು ಕೂತಿದ್ದ. ಬಲ ಮೊಣಕೈಗೆ ಬಟ್ಟೆ ಸುತ್ತಿತ್ತು. ನನ್ನನ್ನು ನೋಡಿ ಎದ್ದು ನಿಂತ. ಕಾಲು ಮುಟ್ಟಲು ಬಗ್ಗಿದ, ನಾನು ಹಿಂದೆ ಸರಿದೆ.

ನನ್ನ ಕಣ್ಣು ಮೊದಲು ಹೋದದ್ದು ಮುಂದಿನ ಕೊಳವೆಗೆ. ಬಿಲ್ಲೆ ಇಲ್ಲ. ಅದು ಇದ್ದ ಕಡೆ ಎರಡು ತೂತು. ನನ್ನ ಹೆಸರನ್ನು ಬಿಚ್ಚಿ ಎಲ್ಲಿ ಎಸೆದಿದ್ದಾನೋ. ಜೇಬಿನಲ್ಲಿ ಬಳೆಯ ಮೇಲೆ ಕೈ ಬಿಗಿಯಾಯಿತು. ಹೀಗೇ ತಿರುಗಿ ಬಸ್ ಹತ್ತಿಬಿಡಬೇಕು ಎನ್ನಿಸಿತು. ನಾಲ್ಕು ಹೆಜ್ಜೆ ಹೋದೆ ಕೂಡ.

ಹಿಂದಿನಿಂದ ಅವನು ಹೇಳಿದ: ‘ಬಂದ ದಿನ ಇಳಿಜಾರಲ್ಲಿ ಬಿಚ್ಕಣ್ತು, ಭಾವ. ಏರಿಗಿಂತ ಮೇಲೇ ಬಿದ್ದೆ, ಹಂಗಾಗಿ ಉಳ್ದೆ.’

ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೆಸರು ಕೊಟ್ಟಿದ್ದಾನೆ. ಬಳೆ ಇಲ್ಲದೆ ನಾಳೆ ಹೇಗೆ ಇಳಿಯುತ್ತೀಯ ಎಂದು ಕೇಳಿದೆ. ಚಪ್ಪಲಿಯನ್ನು ಟಯರಿಗೆ ಒತ್ತಿ ಹಿಡಿಯುತ್ತಾನಂತೆ. ಹುಚ್ಚನ ಮಾತು. ಇಲ್ಲಿಯ ಕಮ್ಮಾರನ ಹತ್ತಿರ ಕೇಳಿದನಂತೆ, ಉಲ್ಟಾ ತಿರುಪು ತನ್ನಿಂದಾಗದು, ಹಲ್ಲುಚಕ್ರವನ್ನು ಹಬ್ಬಿಗೆ ಹಿತ್ತಾಳೆ ಬೆಸುಗೆ ಹಾಕಿ ಕೂರಿಸಿಬಿಡುತ್ತೇನೆ ಎಂದನಂತೆ.

‘ಹಾಕಿಸ್ಕಬೇಕಿತ್ತಲ್ಲೋ. ಜೀವ ಉಳೀತಿತ್ತು’ ಎಂದೆ.

‘ಹಬ್ಬು ಹಾಳಾಗ್ತಿತ್ತಲ್ಲ, ಭಾವ.’

ಆ ಮಾತಿಗೆ ನನ್ನ ಸಿಟ್ಟು ಇಳಿಯಿತು ಎಂದು ಯಾರೂ ತಿಳಿಯಬಾರದು. ಇಳಿಯಲಿಲ್ಲ. ಆದರೆ ಕಾಲು ಹಿಂದಕ್ಕೆ ತಿರುಗಿತು. ಸೈಕಲ್ಲಿನ ಮುಂದೆ ಕೂತು ಚಕ್ರ ತಿರುಗಿಸಿ ನೋಡಿದೆ. ಅಷ್ಟು ಬಿದ್ದರೂ ರಿಮ್ಮಿನಲ್ಲಿ ಕೂದಲಷ್ಟು ಬೆಂಡಿಲ್ಲ. ಬಿದ್ದ ಮೇಲೆ ಮತ್ತೆ ಕೂತು ತೆಗೆದಿದ್ದಾನೆ. ಹ್ಯಾಂಡಲ್ಲಿಗೆ ಆಯುಧಪೂಜೆಯ ಹೂವಿನ ದಾರ ಇನ್ನೂ ಸುತ್ತಿತ್ತು.

ಹಲ್ಲುಚಕ್ರವನ್ನು ಬಿಗಿ ಮಾಡಿ, ಬಳೆಯನ್ನು ಉಲ್ಟಾ ತಿರುಗಿಸುತ್ತ ಹಬ್ಬಿಗೆ ಹತ್ತಿಸಿದೆ. ಅವನು ಚಕ್ರ ಹಿಡಿದುಕೊಂಡ. ಯಾವ ಕಡೆ ಎಷ್ಟು ಬಲ ಕೊಡಬೇಕು ಎಂದು ನಾನು ಹೇಳಬೇಕಾಗಲಿಲ್ಲ. ನಡುವೆ ಅವನು ತಲೆ ಎತ್ತದೆ ಕೇಳಿದ.

‘ರಾಜಪ್ಪಗೆ ಎಂತಕ್ಕೆ ಮಾತು ಕೊಟ್ರಿ? ನಾನು ಅವತ್ತು ಅಂಗಡಿ ಹಿಂದಿನ ಬಾಗಿಲಲ್ಲೇ ಇದ್ದೆ, ಎಲ್ಲ ಕೇಳಿಸ್ತು. ನೀವೇ ನನಗೆ ಹೇಳ್ತೀರೇನೋ ಅಂತ ದಿನಾ ಕಾದೆ.’

ತಿರುಪು ಬಿಗಿ ಮಾಡುವಾಗ ಮಾತಾಡಬಾರದು. ಬಿಗಿಯಾದ ಮೇಲೂ ಇನ್ನೊಂದಿಷ್ಟು ಬಿಗಿ ಮಾಡಿದೆ.

ನವೆಂಬರ್ ೧, ಶನಿವಾರ

ಪಂದ್ಯ ಶಿರಾಳಕೊಪ್ಪದ ಹಾದಿಯಲ್ಲಿ ಹೋಗಿ ತಿರುಗಿ ಸೊರಬಕ್ಕೆ. ಎಲ್ಲರೂ ಪಂದ್ಯ ಮುಗಿಯುವ ಕಡೆಯ ಧ್ವಜದ ಹತ್ತಿರ ನಿಂತರು. ನಾನು ಮತ್ತು ಅಕ್ಕನಾಗಮ್ಮ ಮಾತ್ರ ಕೆರೆ ಏರಿಗೆ ನಡೆದೆವು. ಯಾರು ಮೊದಲು ಹೊರಟರೋ ತಿಳಿಯದು.

ವಾಪಸ್ಸು ಬರುವಾಗ ಇಳಿಜಾರಿನ ತಲೆಯಲ್ಲಿ ಮೊದಲು ಕಂಡವನು ರಾಜಪ್ಪ, ಹೊಳೆಯುವ ಹೊಸ ಸೈಕಲ್ಲಿನಲ್ಲಿ, ಎರಡೂ ಬ್ರೇಕ್ ಹಿಡಿದುಕೊಂಡು. ಅವನ ಹಿಂದೆಯೇ ಬೋಳು ಸೈಕಲ್ಲು. ಪೆಡಲ್ ನಿಲ್ಲುವಂತಿಲ್ಲವಲ್ಲ, ಕಾಲುಗಳು ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುತ್ತಿದ್ದವು. ತಿರುವು ಹತ್ತಿರ ಬಂತು. ಅವನು ಬೆನ್ನು ನೆಟ್ಟಗೆ ಮಾಡಿ ಪೆಡಲ್ ಹಿಂದಕ್ಕೆ ಒತ್ತಿದ. ಚೈನು ಬಿಗಿದು ಟಕ್ಕೆಂದಿತು. ಹಿಡಿಯಿತು. ಇನ್ನೊಮ್ಮೆ ಒತ್ತಿದ, ಹಿಡಿಯಿತು. ಏರಿಯ ತಿರುವಿನಲ್ಲಿ ರಾಜಪ್ಪ ಹೊರಗೆ ಸರಿದಾಗ ಒಳಗಿನಿಂದ ನುಗ್ಗಿ ನಮ್ಮ ಮುಂದೆಯೇ ಹೋದ. ನಮ್ಮನ್ನು ನೋಡಿದನೋ ಇಲ್ಲವೋ. ಅಕ್ಕನಾಗಮ್ಮ ನನ್ನ ತೋಳು ಹಿಡಿದುಕೊಂಡಿದ್ದಳು. ಆಮೇಲೆ ಬಿಟ್ಟಳು.

ಗೆದ್ದ. ಮೈಕಿನಲ್ಲಿ ಕೂಗಿದರು: ‘ಪ್ರಥಮ ಸ್ಥಾನ, ನಮ್ಮ ಸೊರಬದ ಬಸವಣ್ಯಪ್ಪ. ತನ್ನ ಕೈಯಾರೆ ತಾನೇ ಕಟ್ಟಿದ ಸೈಕಲ್ಲಿನಲ್ಲಿ!’

ಅವನು ವೇದಿಕೆಯ ಮೇಲೆ ನಿಂತಿದ್ದ. ಜನರ ನಡುವೆ ನನ್ನನ್ನು ಹುಡುಕಿ ನೋಡಿದ. ಮೈಕು ಅವನ ಮೂಗಿನ ಹತ್ತಿರವೇ ಇತ್ತು. ಒಂದು ಮಾತು ಸಾಕಾಗಿತ್ತು. ಬಾಯಿ ತೆರೆದ, ಮತ್ತೆ ಮುಚ್ಚಿದ, ಹಾರಕ್ಕೆ ಕುತ್ತಿಗೆ ಬಗ್ಗಿಸಿದ. ಕದ್ದದ್ದು ಸಾಲದೆಂದು ನನ್ನ ಕಣ್ಣೆದುರಿಗೇ ಮತ್ತೊಮ್ಮೆ ಕದ್ದ. ಆ ಬಳೆ ಕೂರಿಸಿದ ಗ್ರೀಸು ನನ್ನ ಉಗುರಲ್ಲಿ ಇನ್ನೂ ಇತ್ತು.

ಸುತ್ತಲೂ ಚಪ್ಪಾಳೆ. ನಾನೂ ಹೊಡೆಯುತ್ತಿದ್ದೆ. ಯಾವಾಗ ಶುರು ಮಾಡಿದೆನೋ ಗೊತ್ತಾಗಲಿಲ್ಲ.

ನವೆಂಬರ್ ೨, ಭಾನುವಾರ

ವಾಪಸ್ಸು ಬಂದೆವು. ಸೈಕಲ್ ತರಲಿಲ್ಲ. ಬಸ್ಸಿನಲ್ಲಿ ಅಕ್ಕನಾಗಮ್ಮ ನಿದ್ದೆಗೆ ಜಾರಿ ತಲೆಯನ್ನು ನನ್ನ ಹೆಗಲಿಗೆ ಇಟ್ಟಳು. ಎಬ್ಬಿಸೋಣ ಎಂದುಕೊಂಡು ಶಿಕಾರಿಪುರದ ತನಕ ಸುಮ್ಮನೆ ಕೂತೆ. ಅವಳನ್ನೂ ಕ್ಷಮಿಸಿಲ್ಲ, ಅದು ಬೇರೆ ಮಾತು.

ನವೆಂಬರ್ ೧೦, ಸೋಮವಾರ

ದೀಪಾವಳಿಯ ಮುನ್ನಾ ದಿನ, ಬಾಡಿಗೆ ಸೈಕಲ್ಲಿಗೆ ಪುರಸೊತ್ತಿಲ್ಲ. ಗಿರಣಿಯ ಮುಂದಿನ ಕೋಣೆಯ ಆಸೆಯನ್ನು ಬಿಟ್ಟಾಯಿತು. ಬಸ್ ಸ್ಟ್ಯಾಂಡ್ ಹಿಂದೆಯೇ ಚೆನ್ನಾಗಿದೆ, ಧೂಳು ಕಮ್ಮಿ.

ಮಧ್ಯಾಹ್ನ ಶಿರಾಳಕೊಪ್ಪದಿಂದ ಒಬ್ಬರು ಬಂದರು. ಜವಳಿ ಅಂಗಡಿಯವರು, ಮಾಸ್ತಪ್ಪ ಎಂದು ಹೆಸರು. ಪಂದ್ಯ ನೋಡಿದ್ದರಂತೆ. ತಮ್ಮ ಅಳಿಯನಿಗೆ ಅಂಥದ್ದೇ ಒಂದು ಸೈಕಲ್ ಬೇಕು, ‘ಆ ಸೊರಬದ ಬಸವಣ್ಯಪ್ಪ ಕಟ್ಟಿದಾನಲ್ರೀ, ಅಂಥಾದು. ನಿಮಗೆ ಬರ್ತೈತೇನು?’ ಎಂದು ಕೇಳಿದರು.

ನನ್ನನ್ನು ಕೇಳಿದರು, ನನಗೆ ಬರುತ್ತದೆಯೇ ಎಂದು.

ಹೇಳಬೇಕಾದದ್ದೆಲ್ಲ ನಾಲಿಗೆಯ ತುದಿಗೆ ಬಂತು. ಆ ಹ್ಯಾಂಡಲ್ ತಿರುಗಿಸಿದವನು ಯಾರು, ಆ ಬಿಲ್ಲೆಯಲ್ಲಿ ಯಾರ ಹೆಸರಿತ್ತು, ಎಲ್ಲವೂ. ಅಕ್ಕನಾಗಮ್ಮ ಬುತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಪಂಪು ಕೆಳಗಿಟ್ಟೆ.

‘ಅದು ಅವನೇ ಕಟ್ಟಬೇಕ್ರೀ. ಕಡ್ಡಿ ಕಟ್ಟೋದು, ಬೆಂಡು ತೆಗೆಯೋದು ಅವನಂಗೆ ಈ ಕಡೆ ಯಾರಿಗೂ ಬರಲ್ಲ. ಸೊರಬಕ್ಕೇ ಹೋಗ್ರಿ’ ಎಂದೆ.

ಅವರು ಹೋದ ಮೇಲೆ ಅಕ್ಕನಾಗಮ್ಮ ಬುತ್ತಿ ಬಿಚ್ಚಿದಳು. ಊಟ ಮಾಡಿ, ಸಂಜೆಯ ಬಸ್ಸಿನವನ ಕೈಲಿ ಶಿವಮೊಗ್ಗದ ಲೇತಿಗೆ ಹೇಳಿ ಕಳಿಸಿದೆ, ಉಲ್ಟಾ ತಿರುಪಿನ ಬಳೆ ಇನ್ನೆರಡು ಮಾಡಿಡು ಎಂದು. ಆ ಬಳೆ ಸೊರಬದಲ್ಲಿ ಯಾರೂ ಮಾಡುವುದಿಲ್ಲ. ಬಸಣ್ಯನಿಗೆ ಬೇಕಾದರೆ ಇಲ್ಲಿಗೇ ಬರಬೇಕು.